ಇನ್ನೂ ಎರಡೂರಿಗೆ ಜಾಗ ಐತೆ

ಟಪ್... ಟಪ್... ಟಪ್... ದಬ್.

ಹೋದ ತಿಂಗಳು ನಮ್ಮ ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕ್ ನೋಡಲು ಪ್ಲಂಬರ್ ಬಂದಿದ್ದ. ಮುಚ್ಚಳ ತೆಗೆಯುವ ಗೊಡವೆಗೇ ಹೋಗದೆ, ಸ್ಪ್ಯಾನರಿನ ಹಿಡಿಯಿಂದ ಟ್ಯಾಂಕಿನ ಹೊಟ್ಟೆಗೆ ಮೇಲಿನಿಂದ ಕೆಳಕ್ಕೆ ಬಡಿಯುತ್ತ ಬಂದ. ಖಾಲಿ ಇದ್ದಲ್ಲಿ ಟೊಳ್ಳು ಸದ್ದು. ನೀರು ನಿಂತಲ್ಲಿ ಅದೇ ಸದ್ದು ಗಂಟಲು ಕಟ್ಟಿದಂತೆ ದಪ್ಪಗಾಯಿತು. ಕೆಳಗೆ ವರಾಂಡದಲ್ಲಿ ಕಾಫಿ ಕುಡಿಯುತ್ತ ಕೂತಿದ್ದ ನಾನು ಲೋಟವನ್ನು ಹಾಗೇ ಹಿಡಿದುಕೊಂಡುಬಿಟ್ಟೆ. ಆ 'ದಬ್' ಕೇಳಿದ ಮೇಲೆ ಒಂದು ಮಾತು ಬರಬೇಕಿತ್ತು. ಬರುತ್ತದೆ ಎಂದು, ಸಿಲ್ಲಿ ಓಲ್ಡ್ ವುಮನ್, ಒಂದು ಕ್ಷಣ ಕಾದೆ ಕೂಡ.

"ಇನ್ನೂ ಎರಡೂರಿಗೆ ಜಾಗ ಐತೆ, ಅಮ್ಮಾರೇ."

ಹಾಗೆ ಹೇಳುತ್ತಿದ್ದವಳು ನಮ್ಮ ವ್ಯಾನಿನ ನರ್ಸಮ್ಮ. ಊರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದೇ ಹಾಗೆ, ನಾನೂ ಹಾಗೇ ಕರೆದೆ. ಆಕೆ ಬಡಿಯುತ್ತಿದ್ದದ್ದು ನೀರಿನ ಟ್ಯಾಂಕಿಗಲ್ಲ. ಯಾವುದಕ್ಕೆ ಎಂದು ಹೇಳಲು ನನ್ನಂಥವಳಿಗೆ ಅರ್ಧ ಆಯುಷ್ಯವೇ ಬೇಕಾಯಿತು. ನಾನು ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಅಲ್ಲಿ ತರಗತಿಯ ನಡುವೆ ಹೊರಗೆ ಹೋಗಬೇಕಾದರೆ ಎದ್ದು ನಿಂತು, ಕೈ ಹಿಂದೆ ಕಟ್ಟಿ, "ಮೇ ಐ ಬಿ ಎಕ್ಸ್‌ಕ್ಯೂಸ್ಡ್, ಸಿಸ್ಟರ್?" ಎನ್ನಬೇಕು. ಎಲ್ಲಿಗೆ, ಏಕೆ ಎಂಬುದು ಲೇಡಿಲೈಕ್ ಆದ ಹುಡುಗಿಯ ಬಾಯಲ್ಲಿ ಬರಕೂಡದು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೂ, ಮಕ್ಕಳನ್ನು ಹೆತ್ತ ಮೇಲೂ, ನಾನು ಒಳಗೊಳಗೇ ಎಕ್ಸ್‌ಕ್ಯೂಸ್ ಕೇಳುತ್ತಲೇ ಇದ್ದೆ.

ಅದು ತೊಂಬತ್ತರ ದಶಕದ ಕೊನೆ. ನಮ್ಮದು ಶೇಂಗಾ ಎಣ್ಣೆ ಮಿಲ್ಲಿನ ಮನೆ. ಮಾವನವರು ತೀರಿಕೊಂಡ ಮೇಲೆ ಭಾವನವರು, ಎಂದರೆ ನನ್ನ ಗಂಡನ ಅಣ್ಣ, ತಂದೆಯ ಹೆಸರಿನಲ್ಲಿ ಒಂದು ಟ್ರಸ್ಟ್ ಮಾಡಿ ಹಳೆಯ ವ್ಯಾನೊಂದನ್ನು ಆಸ್ಪತ್ರೆಯಂತೆ ಸಜ್ಜುಗೊಳಿಸಿದ್ದರು. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಮಾವನವರ ಹೆಸರು. ಚಳ್ಳಕೆರೆಯಿಂದ ಹೊರಟು ಮೊಳಕಾಲ್ಮೂರಿನವರೆಗೆ ಹಳ್ಳಿ ಹಳ್ಳಿಯಲ್ಲಿ ನಿಂತು ಬಸುರಿಯರನ್ನು ನೋಡುವುದು ಅದರ ಕೆಲಸ. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು, ಉಳಿದ ದಿನವೆಲ್ಲ ನರ್ಸಮ್ಮನದೇ ರಾಜ್ಯ. ಮಕ್ಕಳು ದೊಡ್ಡವರಾಗಿ ಕೈ ಖಾಲಿಯಾಗಿದ್ದ ನಾನು ಬಿ.ಪಿ. ಪಟ್ಟಿ ಸುತ್ತುವುದಕ್ಕೆ, ತೂಕ ನೋಡುವುದಕ್ಕೆ ಎಂದು ಹೋಗತೊಡಗಿದೆ.

ನರ್ಸಮ್ಮ ಮೊಳಕಾಲ್ಮೂರಿನವಳು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ ಸೇರಿ. ಕುಳ್ಳಗೆ, ಗಟ್ಟಿಯಾಗಿ, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತರೆ ವ್ಯಾನೇ ಸ್ವಲ್ಪ ತಗ್ಗಿದ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಮನೆಯಿಂದ ಹೊರಟರೆ ಸಂಜೆಯವರೆಗೆ ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ನನ್ನ ಫ್ಲಾಸ್ಕಿನಿಂದ ಕಾಫಿ ಕೊಟ್ಟರೂ, "ಕುಡಿದ್ರೆ ಎಲ್ಲಿಗೆ ಹೋಗ್ಲಿ ಅಮ್ಮಾರೇ, ನಿಮ್ಮ ಬಯಲಿಗಾ?" ಎಂದು ನಗುತ್ತಿದ್ದಳು.

ವ್ಯಾನಿನ ಹಿಂಭಾಗದಲ್ಲಿ ತಗಡಿನ ಗೋಡೆ ಹಾಕಿದ ಒಂದು ಪುಟ್ಟ ಕೋಣೆಯಿತ್ತು. ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂರಲು ಒಂದು ಬೇಸಿನ್, ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬಿ. ಅದು ನಮ್ಮ ಅನುಕೂಲಕ್ಕಲ್ಲ, ಬಸುರಿಯರ ಮೂತ್ರ ಪರೀಕ್ಷೆಗೆ. ಗಾಜಿನ ಕೊಳವೆಯಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕಾಯಿಸಿದಾಗ ಮಜ್ಜಿಗೆ ಒಡೆದ ಹಾಗೆ ಬಿಳಿ ಕಾಣಿಸಿದರೆ ಫಿಟ್ಸ್ ಬರುವ ಅಪಾಯ. ಆ ಹೆಂಗಸನ್ನು ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಆದರೆ ಹಗಲು ಹೊತ್ತಿನಲ್ಲಿ, ಊರ ನಡುವೆ ನಿಂತ ವ್ಯಾನಿನ ಮುಂದೆ, ಅದನ್ನು ಹಿಡಿದು ತರಲು ಅವರಿಗೆ ಜಾಗವೆಲ್ಲಿ? ಆ ಹಳ್ಳಿಗಳಲ್ಲಿ ಹೆಂಗಸರು ಕತ್ತಲಾಗುವುದನ್ನೇ ಕಾಯುತ್ತಿದ್ದ ಕಾಲ. ಹಾಗಾಗಿ ಆ ತಗಡಿನ ಕೋಣೆ. ಎರಡನೇ ಊರಿಗೆ ಬರುವಷ್ಟರಲ್ಲಿ ಡಬ್ಬಿ ತುಂಬಿರುತ್ತಿತ್ತು. ಹೋದ ಬಸುರಿಯರ ಹಿಂದೆ ಅವರ ಅತ್ತೆ, ನಾದಿನಿ, ಪಕ್ಕದ ಮನೆಯವಳು... ಬಾಗಿಲಿರುವ ಪಾಯಿಖಾನೆ ಕಂಡರೆ ಯಾರು ಬಿಟ್ಟಾರು? ನರ್ಸಮ್ಮ ಯಾರನ್ನೂ ತಡೆಯುತ್ತಿರಲಿಲ್ಲ. ತುಂಬಿದ ಡಬ್ಬಿಯನ್ನು ತಾನೇ ಹೊತ್ತು, ಗುಂಡಿ ತೋಡಿ ಸುರಿದು ಬರುತ್ತಿದ್ದಳು. ನಮ್ಮ ಡ್ರೈವರು ಆ ಹೊತ್ತಿಗೆ ಸರಿಯಾಗಿ ಬೀಡಿ ಸೇದಲು ಹೋಗಿರುತ್ತಿದ್ದ.

ಒಂದು ದಿನ ಗೌರಸಮುದ್ರದ ಕಡೆಯ ಹಳ್ಳಿಯೊಂದರಲ್ಲಿ ನಿಂತಿದ್ದೆವು. ಶೇಂಗಾ ಕಿತ್ತು ಮುಗಿದಿತ್ತು, ಕಣ್ಣು ಹಾಯುವವರೆಗೂ ಬೋಳು ಹೊಲ. ಡಬ್ಬಿ ತುಂಬಿತ್ತು. ಗುಂಡಿ ತೋಡಲು ಹೋದರೆ ಹೊಲದವನು ಬೇಲಿಯ ಹತ್ತಿರ ನಿಂತು ಕೂಗಾಡಿದ. ಸಾಲಿನ ಕೊನೆಯಲ್ಲಿ ಒಬ್ಬ ಬಸುರಿ, ಚೊಚ್ಚಲು. ಸ್ಯಾಂಪಲ್ ಕೊಡಲು ಆಕೆಗೆ ಜಾಗವಿಲ್ಲ. "ಮುಂದಿನ ವಾರ ಬಾರಮ್ಮ, ನಿನ್ನನ್ನೇ ಮೊದಲು ನೋಡ್ತೀನಿ" ಎಂದು ನರ್ಸಮ್ಮ ಅವಳ ಬೆನ್ನು ತಟ್ಟಿ ಕಳಿಸಿದಳು.

ಮುಂದಿನ ವಾರ ಸಾಲಿನಲ್ಲಿ ಅವಳಿರಲಿಲ್ಲ. ಹೊಲದಲ್ಲಿ ಕೆಲಸ ಮಾಡುತ್ತಿರುವಾಗಲೇ ಕೈಕಾಲು ಸೆಟೆದು, ಫಿಟ್ಸ್ ಬಂದು, ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ಚಿತ್ರದುರ್ಗಕ್ಕೆ ಕರೆದೊಯ್ದಿದ್ದರಂತೆ. ತಾಯಿ ಉಳಿದಳು. ಮಗು...

ಆ ಸಂಜೆ ನರ್ಸಮ್ಮ ಡಬ್ಬಿಯನ್ನು ತೊಳೆದು ವ್ಯಾನಿಗೆ ಇಡಲಿಲ್ಲ. ನಮ್ಮ ಮನೆಯ ಮೆಟ್ಟಿಲ ಮೇಲೆ ಬೋರಲಾಗಿ ಇಟ್ಟಳು. ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು.

"ಇದು ಸಾಕು, ಅಮ್ಮಾರೇ. 'ಮುಂದಿನ ವಾರ ಬಾ' ಅಂತ ಈ ಬಾಯಲ್ಲಿ ಇನ್ನೊಂದು ಸಲ ಬರಲ್ಲ. ನಂಗೆ ಗಾಡಿಗೇ ಕೂಡಿಸಿದ ದೊಡ್ಡ ಟ್ಯಾಂಕ್ ಬೇಕು. ಇಡೀ ದಿನಕ್ಕೆ ಸಾಲೋ ಅಂಥದ್ದು. ಇಲ್ಲಾಂದ್ರೆ ಬೇರೆ ನರ್ಸ್ ನೋಡ್ಕೊಳ್ರಿ."

ಟ್ರಸ್ಟಿನ ಮೀಟಿಂಗ್ ನಮ್ಮ ಮನೆಯ ನಡುಮನೆಯಲ್ಲೇ ನಡೆಯುತ್ತಿತ್ತು. ಭಾವನವರು, ಅವರ ಸ್ನೇಹಿತರಾದ ಇಬ್ಬರು ವ್ಯಾಪಾರಿಗಳು, ನನ್ನ ಯಜಮಾನರು. ಮಾತಾಡಬೇಕಾದವಳು ನಾನು. ಹಿಂದಿನ ದಿನವೆಲ್ಲ ರಿಹರ್ಸಲ್ ಮಾಡಿಕೊಂಡಿದ್ದೆ. ಎದ್ದು ನಿಂತು, "ವ್ಯಾನಿನಲ್ಲಿ ಸ್ಯಾನಿಟೇಷನ್ ಫೆಸಿಲಿಟಿ ಸ್ವಲ್ಪ ಇಂಪ್ರೂವ್ ಆಗಬೇಕು" ಎಂದೆ. "ಆಗಲಿ, ಫಿನಾಯಿಲು ತರಿಸೋಣ" ಎಂದರು ಭಾವನವರು. ಅಲ್ಲಿಗೆ ಮುಗಿದೇ ಹೋಗುತ್ತಿತ್ತು. ಬಾಗಿಲ ಹೊರಗೆ ನಿಂತಿದ್ದ ನರ್ಸಮ್ಮನಿಗೆ ತಡೆಯಲಾಗಲಿಲ್ಲ.

"ಫಿನಾಯಿಲಲ್ಲ ಸ್ವಾಮಿ. ಉಚ್ಚೆ, ಉಚ್ಚೆ! ಅದನ್ನ ಹಿಡಿದಿಡೋಕೆ ಟ್ಯಾಂಕು."

ವ್ಯಾಪಾರಿಯೊಬ್ಬರಿಗೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು. ಭಾವನವರ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ, ಆದರೆ ತಂದೆಯ ಹೆಸರೆಂದರೆ ಅವರಿಗೆ ದೇವರ ಮನೆ ಇದ್ದ ಹಾಗೆ. "ಅಪ್ಪಾಜಿ ಹೆಸರು ಬರೆದಿರೋ ಗಾಡಿ ಅದು. ಆ ಗಾಡಿ ಹೊಟ್ಟೆಯೊಳಗೆ ಅದನ್ನ ತುಂಬಿಕೊಂಡು ಊರೂರು ತಿರುಗಬೇಕಾ? ಜನ ಏನಂತಾರೆ?" ಎಂದರು. ನರ್ಸಮ್ಮ ಆ ಚೊಚ್ಚಲು ಹೆಂಗಸಿನ ಕಥೆ ಹೇಳಿದಳು. ಕೂಗಾಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆದರೂ ಭಾವನವರು ಬೇಡವೆಂದು ತಲೆ ಆಡಿಸುತ್ತಲೇ ಇದ್ದರು... ಆಗ ಒಳಗಿನಿಂದ, ಅಕ್ಕಿ ಆರಿಸುತ್ತ ಕೂತಿದ್ದ ನಮ್ಮ ಅತ್ತೆಯ ದನಿ ಬಂತು.

"ಲೇ, ನಿಮ್ಮಪ್ಪ ಬದುಕಿದ್ದಾಗ ನಾವು ಬಂಡೀಲಿ ಊರಿಗೆ ಹೋಗ್ತಿದ್ವಿ. ದಾರೀಲಿ ನನಗೋಸ್ಕರ ಎಷ್ಟು ಸಲ ಬಂಡಿ ನಿಲ್ಲಿಸಿ, ತಾವು ಆ ಕಡೆ ತಿರುಗಿ, ಪಂಚೆ ಅಗಲಿಸಿ ಹಿಡಿದು ನಿಂತವ್ರೆ ಗೊತ್ತೈತಾ ನಿಂಗೆ? ಅವ್ರ ಹೆಸರಿಗೆ ಏನೂ ಆಗಲ್ಲ. ಹಾಕಿಸು."

ಭಾವನವರು ಲೆಕ್ಕದ ಪುಸ್ತಕ ಎಳೆದುಕೊಂಡರು. ಅವ್ವ ಹೇಳಿದ ಮೇಲೆ ಚಳ್ಳಕೆರೆಯ ಯಾವ ಮಿಲ್ ಮಾಲೀಕ ಮಾತಾಡುತ್ತಾನೆ?

ಹಳೆಯ ಬಸ್ ಸ್ಟ್ಯಾಂಡಿನ ಹಿಂದಿದ್ದ ಗ್ಯಾರೇಜಿನ ಭಾಯಿಗೆ ಕೆಲಸ ಒಪ್ಪಿಸಿದೆವು. ಭಾಯಿ ವ್ಯಾನಿನ ಕೆಳಗೆ ಒಮ್ಮೆ ತೂರಿ ಹೊರಬಂದು, ಗಡ್ಡ ಕೆರೆದುಕೊಂಡು, "ನಮ್ ಚಾಚಾ ಬಾಂಬೆನಲ್ಲಿ ಬೋಟ್ ಮೇಲೆ ಕೆಲಸ ಮಾಡ್ತಿದ್ರು ಮೇಡಂ. ಸಮುದ್ರದೊಳಗೆ ಹಂಗೇ ಬಿಡೋ ಹಂಗಿಲ್ವಂತೆ. ಬೋಟಿನ ಹೊಟ್ಟೇಲಿ ಟಂಕಿ ಇಟ್ಟು, ದಡಕ್ಕೆ ಬಂದ್ಮೇಲೆ ಖಾಲಿ ಮಾಡೋದಂತೆ. ಹಂಗೇ ಮಾಡಾನ. ಕೆರೇಲೇ ನೀರಿಲ್ಲ, ಚಳ್ಳಕೆರೇಲಿ ಜಹಾಜ್!" ಎಂದು ನಕ್ಕ. ಅಂದಿನಿಂದ ಅವನ ಗ್ಯಾರೇಜಿನಲ್ಲಿ ನಮ್ಮ ವ್ಯಾನಿನ ಹೆಸರು ಜಹಾಜ್, ಹಡಗು. ನನಗೆ ಆ ಹೆಸರು ತುಂಬ ಹಿಡಿಸಿತು. ಕುದಾಪುರದ ಕಾವಲಿನ ಪಕ್ಕ ಹೋಗುವಾಗ, ಈಗ ಅಲ್ಲೆಲ್ಲ ಉದ್ದುದ್ದ ಕಾಂಪೌಂಡು ಎದ್ದಿದೆ, ಆಗ ಬರೀ ಹುಲ್ಲು, ಗಾಳಿಗೆ ಆ ಹುಲ್ಲು ಒಂದೇ ಕಡೆ ಬಾಗಿ ಏಳುವಾಗ ನಾನು ಇಂಗ್ಲಿಷ್ ಕಥೆಗಳ ನಾವಿಕರ ಹಾಗೆ ಮನಸ್ಸಿನಲ್ಲೇ "ಅಹಾಯ್!" ಎಂದುಕೊಳ್ಳುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದೆ.

ಮೊದಲ ತಪ್ಪು ನಾವೆಲ್ಲ ಸೇರಿಯೇ ಮಾಡಿದ್ದು, ಎಣ್ಣೆ ಮಿಲ್ಲಿನ ಊರಿನವರಷ್ಟೇ ಮಾಡಬಹುದಾದ ತಪ್ಪು. ಮಿಲ್ಲಿನ ಹಿತ್ತಲಲ್ಲಿ ಶೇಂಗಾ ಎಣ್ಣೆಯ ಕಬ್ಬಿಣದ ಬ್ಯಾರಲ್ಲುಗಳು ರಾಶಿ ಬಿದ್ದಿದ್ದವು. "ವರ್ಷಗಟ್ಟಲೆ ಎಣ್ಣೆ ಕುಡಿದ ಕಬ್ಬಿಣ, ಇದಕ್ಕೆ ತುಕ್ಕು ಎಲ್ಲಿಂದ ಬರ್ಬೇಕು?" ಎಂದು ನರ್ಸಮ್ಮನೇ ಒಂದನ್ನು ಆರಿಸಿದಳು. ಭಾಯಿ ಹೂಂ ಎಂದ, ಭಾವನವರು ಹೂಂ ಎಂದರು, ನಾನೂ "ವೆರಿ ಸೆನ್ಸಿಬಲ್" ಎಂದೆ. ಭಾಯಿ ಅದನ್ನು ಅಡ್ಡ ಮಲಗಿಸಿ ವ್ಯಾನಿನ ಅಡಿಗೆ ಬಿಗಿದು ಬೆಸುಗೆ ಹಾಕಿದ. ಬಿಸಿಲೇರಿದರೆ ಶೇಂಗಾ ಎಣ್ಣೆ ಕಾದ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಬೆರೆತು ಮೇಲೇಳುತ್ತಿತ್ತು. ಓ ಮೈ ಗಾಡ್... ನಮ್ಮ ಮನೆಯಲ್ಲಿ ಆ ವರ್ಷ ನಾನು ಒಗ್ಗರಣೆಯ ಹೊತ್ತಿಗೆ ಅಡುಗೆಮನೆಯ ಕಡೆಗೇ ಹೋಗುತ್ತಿರಲಿಲ್ಲ.

ಕೆಲವು ತಿಂಗಳು ನಡೆಯಿತು. ಆಮೇಲೊಂದು ಮಧ್ಯಾಹ್ನ ಮೊಳಕಾಲ್ಮೂರಿನ ರಸ್ತೆಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿಯ ಒಬ್ಬರು ಮೋಟರ್‌ಬೈಕಿನಲ್ಲಿ ನಮ್ಮ ಹಿಂದೆಯೇ ಬರುತ್ತಿದ್ದರು. ಇದ್ದಕ್ಕಿದ್ದಂತೆ ಹಾರ್ನ್ ಬಾರಿಸುತ್ತ ಡ್ರೈವರಿನ ಕಿಟಕಿಯ ಪಕ್ಕಕ್ಕೆ ಬಂದು, "ಲೇ, ನಿನ್ ಗಾಡಿ ಆಯಿಲ್ ಸೋರ್ತಾ ಐತೆ ಕಣೋ!" ಎಂದು ಕೂಗಿದರು. ಮರುಕ್ಷಣವೇ ತಮ್ಮ ಅಂಗಿಯ ತೋಳನ್ನು ಮೂಗಿನ ಹತ್ತಿರ ತಂದರು. ಆಮೇಲೆ ಅವರು ಬೈದ ಬೈಗಳನ್ನು ನಾನು ಕಾನ್ವೆಂಟಿನಲ್ಲಂತೂ ಕಲಿತಿರಲಿಲ್ಲ. ಎಣ್ಣೆ ಕುಡಿದ ಕಬ್ಬಿಣವೂ ತೂತಾಗಿತ್ತು.

ಡ್ರೈವರು ಗಾಡಿ ನಿಲ್ಲಿಸಿ ಕೆಳಗಿಳಿದ. ಅವನಿಗೆ ಮೊದಲಿನಿಂದಲೂ ಇದು ಒಗ್ಗಿರಲಿಲ್ಲ. ಡಬ್ಬಿಯಿದ್ದಾಗ ಅದು ನರ್ಸಮ್ಮನದು. ಬೆಸುಗೆ ಹಾಕಿ ಕೂಡಿಸಿದ ಮೇಲೆ ಅದು ಗಾಡಿಯದೇ ಅಂಗವಾಯಿತಲ್ಲ! ಸ್ಟಿಯರಿಂಗಿನ ಮುಂದೆ ಗೌರಸಮುದ್ರದ ಮಾರಮ್ಮನ ಫೋಟೋ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ. ದಿನಾ ಊದುಬತ್ತಿ ಹಚ್ಚದೆ ಕೀ ತಿರುಗಿಸಿದವನಲ್ಲ.

"ಅಮ್ಮಾರೇ, ಮುಂದೆ ನಮ್ಮವ್ವ ಕುಂತವ್ಳೆ. ಹಿಂದೆ ಇದನ್ನ ಹೊತ್ಕಂಡು ನಾನು ಹೆಂಗೆ ಓಡಿಸ್ಲಿ? ನನ್ ಕೈಲಾಗಲ್ಲ" ಎಂದ.

ನಾನು ಬಾಯಿ ತೆರೆಯುವ ಮೊದಲೇ ನರ್ಸಮ್ಮ, "ನಿಮ್ಮವ್ವನೂ ಹೆಂಗ್ಸೇ ಅಲ್ವೇನೋ ಡ್ರೈವರಪ್ಪ? ಕೇಳಿ ನೋಡು. ಬ್ಯಾಡ ಅಂದ್ರೆ ಈಗ್ಲೇ ನಾನು ಇಳೀತೀನಿ" ಎಂದಳು.

ಅವನು ಫೋಟೋದ ಕಡೆ ನೋಡಿದ. ಕೊನೆಗೆ, "ಓಡಿಸ್ತೀನಿ. ಮುಟ್ಟಲ್ಲ. ಅಷ್ಟೇ" ಎಂದ.

ಮರುದಿನ ನರ್ಸಮ್ಮ ಮೊಳಕಾಲ್ಮೂರಿಗೆ ಹೋದವಳು ಸಂಜೆ ಪ್ರೈವೇಟ್ ಬಸ್ಸಿನಲ್ಲಿ ಮರಳಿದಳು. ಬಸ್ಸಿನ ಟಾಪಿನ ಮೇಲೆ ಹಗ್ಗದಿಂದ ಬಿಗಿದ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್. ಅಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆಗಳಿಗೆ ಆಸಿಡ್ ತುಂಬಿ ಬರುವ ದಪ್ಪ ಡ್ರಮ್ಮು ಅದು. ಆಕೆಯ ಚಿಕ್ಕಪ್ಪ ಆ ಕೆಲಸದವರು. ಅವರ ಗುಲಾಬಿ ಬಣ್ಣದ ಕೈಯ ಗುರುತು ಡ್ರಮ್ಮಿನ ಮೈಮೇಲೆ ಹಾಗೇ ಮೂಡಿತ್ತು. ಕೊನೆಯವರೆಗೂ ಅದು ಅಳಿಸಲಿಲ್ಲ. "ಆಸಿಡ್‌ಗೇ ಜಗ್ಗಿಲ್ಲ, ನಮ್ಮ ಹೆಂಗಸ್ರಿಗೆ ಜಗ್ಗುತ್ತಾ?" ಎಂದಳು. ಇಳಿಸುವಾಗ ಕಂಡಕ್ಟರ್, "ಒಳಗೇನೈತಮ್ಮ?" ಎಂದು ಕೇಳಿದನಂತೆ. "ಈಗೇನಿಲ್ಲ. ಇನ್ನೊಂದು ವಾರ ಬಿಟ್ಟು ಮುಚ್ಚಳ ತೆಗೆದು ನೋಡು" ಎಂದಳಂತೆ.

ಹೊಸ ಡ್ರಮ್ ಕೂಡಿಸುವುದೂ ಒಂದೇ ಸಲಕ್ಕೆ ಆಗಲಿಲ್ಲ. ಭಾಯಿ ಕಬ್ಬಿಣದ ತೊಟ್ಟಿಲು ಮಾಡಿ, ಅದರಲ್ಲಿ ಡ್ರಮ್ಮನ್ನು ಮಲಗಿಸಿ, ಬೇಸಿನ್ನಿಗೆ ಪೈಪ್ ಜೋಡಿಸಿ, ತಳದಲ್ಲಿ ಖಾಲಿ ಮಾಡಲು ಒಂದು ವಾಲ್ವ್ ಇಟ್ಟ. ವಾಲ್ವಿಗೆ ಉದ್ದನೆಯ ದಪ್ಪ ಪೈಪ್ ಸಿಕ್ಕಿಸಿ ಗುಂಡಿಗೆ ಬಿಟ್ಟರೆ ಸಾಕು, ಯಾರ ಕೈಯೂ ಸೋಕಬೇಕಾಗಿಲ್ಲ. ಇದೊಂದು ವಿಷಯದಲ್ಲಿ ನರ್ಸಮ್ಮ ಬಹಳ ಖಡಾಖಂಡಿತ. "ಇದನ್ನ ಎತ್ತಿ ಹಾಕೋಕೆ ಯಾವನೋ ಬಡವನ್ನ ಕರೀತೀವಿ ಅಂದ್ರೆ ನಂಗೆ ಟ್ಯಾಂಕೇ ಬ್ಯಾಡ." ಎಲ್ಲ ಸರಿಯಾಯಿತೆಂದು ಬೇಸಿನ್ನಿಗೆ ಒಂದು ಬಕೆಟ್ ನೀರು ಸುರಿದರೆ, ಅದು ಇಳಿಯುವ ಬದಲು ಗುಳುಗುಳು ಎಂದು ನಮ್ಮ ಮುಖಕ್ಕೇ ಉಗಿಯಿತು. ಪುಣ್ಯಕ್ಕೆ ಅದು ಬರೀ ನೀರು! ಒಳಗಿನ ಗಾಳಿಗೆ ದಾರಿ ಬಿಡುವುದನ್ನೇ ಮರೆತಿದ್ದೆವು. ಭಾಯಿ ಹಣೆ ಚಚ್ಚಿಕೊಂಡು ಒಂದು ಸಣ್ಣ ಪೈಪನ್ನು ಮೇಲಕ್ಕೆ ಎಳೆದ. ಮೊದಲು ಎಳೆದದ್ದು ಡ್ರೈವರಿನ ಕಿಟಕಿಯ ಪಕ್ಕಕ್ಕೆ. "ಭಾಯಿ, ನನ್ ಮೂಗಿಗೇ ಸೈಲೆನ್ಸರ್ ಇಟ್ಯಲ್ಲಪ್ಪ!" ಎಂದು ಡ್ರೈವರು ಹಾರಾಡಿದ ಮೇಲೆ ಅದು ಹಿಂದಿನ ಮೂಲೆಗೆ, ಛಾವಣಿಗಿಂತ ಎತ್ತರಕ್ಕೆ ಹೋಯಿತು. ತುದಿಗೆ ಜಾಲರಿ ಕಟ್ಟಿದೆವು.

ಅಂದಿನಿಂದ ಶುರುವಾಯಿತು ಆ ಸದ್ದು. ಪ್ರತಿ ಊರು ಬಿಡುವ ಮೊದಲು ನರ್ಸಮ್ಮ ಬಗ್ಗಿ, ನಡುಬೆರಳಿನ ಗೆಣ್ಣಿನಿಂದ ಡ್ರಮ್ಮಿಗೆ ಮೇಲಿನಿಂದ ಕೆಳಕ್ಕೆ ಬಡಿಯುತ್ತಿದ್ದಳು, ಕಿವಿಯನ್ನು ಕೊಂಚ ವಾಲಿಸಿ, ಬಸುರಿಯ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಮಗುವಿನ ಎದೆಬಡಿತ ಕೇಳುವಾಗಿನ ಅದೇ ಗಂಭೀರ ಮುಖದಲ್ಲಿ. "ಇನ್ನೂ ಎರಡೂರಿಗೆ ಜಾಗ ಐತೆ, ಅಮ್ಮಾರೇ." ಸಂಜೆ ಮಿಲ್ಲಿನ ಹಿಂದಿನ ಸೆಪ್ಟಿಕ್ ಗುಂಡಿಗೆ ಪೈಪ್ ಬಿಟ್ಟು ಖಾಲಿ ಮಾಡುತ್ತಿದ್ದವಳೂ ಆಕೆಯೇ. ಡ್ರೈವರು ಕೊಟ್ಟ ಮಾತಿಗೆ ತಪ್ಪಲಿಲ್ಲ: ಓಡಿಸಿದ, ಮುಟ್ಟಲಿಲ್ಲ.

ಟ್ಯಾಂಕ್ ಬಂದ ಮೇಲೂ, ಆ ಜಾಗ ಹಳ್ಳಿಯ ಹೆಂಗಸರಿಗೇ ಇರಲಿ ಎಂದು, ನರ್ಸಮ್ಮ ಹಗಲು ನೀರು ಕುಡಿಯುತ್ತಿರಲಿಲ್ಲ. ವರ್ಷಗಟ್ಟಲೆ ಹಾಗೆ ಕೆಲಸ ಮಾಡಿದ್ದು ಆಕೆಯನ್ನು ಒಂದಲ್ಲ ಒಂದು ದಿನ ಹಿಡಿಯಬೇಕಿತ್ತು. ಒಂದು ಸಂಜೆ ಎಡಪಕ್ಕೆ ಹಿಡಿದುಕೊಂಡು ಕುಸಿದಳು. ಕಿಡ್ನಿಯಲ್ಲಿ ಕಲ್ಲು. ದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಆ ಗಡಿಬಿಡಿಯಲ್ಲಿ ಡ್ರಮ್ ಖಾಲಿ ಮಾಡುವುದು ಯಾರಿಗೂ ನೆನಪಾಗಲಿಲ್ಲ. ಮರುದಿನ ಬದಲಿ ನರ್ಸಿನ ಜೊತೆ ಹೊರಟೆವು. ಎರಡನೇ ಊರಿನಲ್ಲಿ ನಾನೇ ಬಗ್ಗಿ ಬೆರಳಿನಿಂದ ಬಡಿದೆ. ದಬ್. ಮೇಲಿನಿಂದಲೇ ದಬ್. ಬದಲಿ ನರ್ಸ್, "ಉಳಿದವರನ್ನ ಮುಂದಿನ ವಾರ ಬರೋಕೆ ಹೇಳೋಣ ಮೇಡಂ" ಎಂದಳು. ಅವಳಿಗೇನು ಗೊತ್ತು ಪಾಪ. ಎದುರಿಗೆ ಒಬ್ಬ ಬಸುರಿ, ಕೈಯಲ್ಲಿ ನಾವು ಕೊಟ್ಟ ಪುಟ್ಟ ಬಾಟಲಿ, ಎಲ್ಲಿಗೆ ಹೋಗಲಿ ಎಂಬಂತೆ ನನ್ನನ್ನೇ ನೋಡುತ್ತಿದ್ದಳು.

ಊರ ಶಾಲೆಯ ಹಿಂದೆ ಮೇಷ್ಟ್ರುಗಳ ಪಾಯಿಖಾನೆಯ ಗುಂಡಿಯಿತ್ತು. ಅಲ್ಲಿಗೆ ವ್ಯಾನ್ ತಂದು ನಿಲ್ಲಿಸಲು ಹೇಳಿದೆ. ಸೆರಗು ಸಿಕ್ಕಿಸಿ, ಗಂಜಿ ಹಾಕಿದ ಕಾಟನ್ ಸೀರೆಯಲ್ಲೇ ಮಣ್ಣಿನ ಮೇಲೆ ಮಂಡಿಯೂರಿದೆ. ವಾಲ್ವಿಗೆ ಕೈ ಚಾಚಿದ್ದೆ ಅಷ್ಟೇ, ಡ್ರೈವರು ಓಡಿ ಬಂದ.

"ಏಳ್ರೀ ಅಮ್ಮಾರೇ! ನೀವು ಮುಟ್ಟಬ್ಯಾಡ್ರಿ, ನಿಮ್ ದಮ್ಮಯ್ಯ!"

ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿ, ಮುಖವನ್ನು ಪೂರ್ತಿ ಆ ಕಡೆ ತಿರುಗಿಸಿ, ಅವನೇ ಪೈಪ್ ಸಿಕ್ಕಿಸಿ ವಾಲ್ವ್ ತಿರುಗಿಸಿದ. ಆ ಬಸುರಿಯ ಸ್ಯಾಂಪಲ್ ಕಾಯಿಸಿ ನೋಡಿದೆವು. ತಿಳಿಯಾಗಿಯೇ ಇತ್ತು. ಅವಳು ಬಾಟಲಿ ವಾಪಸು ಕೊಟ್ಟು ಮನೆಗೆ ಹೋದಳು. ಅಷ್ಟೇ. ಆ ಅಷ್ಟಕ್ಕಾಗಿಯೇ ಇಷ್ಟೆಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮನಿಗೆ ಇದನ್ನು ಉತ್ಸಾಹದಿಂದ ಹೇಳಿದೆ. ಆಕೆ ಖುಷಿಪಡುತ್ತಾಳೆಂದುಕೊಂಡಿದ್ದೆ. ಆಕೆಯ ಮುಖ ಬಿಗಿಯಿತು. "ಇಷ್ಟು ದಿನ ನಾನು ಮುಟ್ಟಿದಾಗ ಅವನಿಗೆ ಏನೂ ಅನ್ನಿಸ್ಲಿಲ್ಲ. ನೀವು ಕೈ ಚಾಚಿದ ತಕ್ಷಣ ನೋವಾಯ್ತಾ?" ಎಂದಳು. ಹೊರಗೆ ಬಾಗಿಲ ಬಳಿ ಕಿತ್ತಳೆಹಣ್ಣಿನ ಚೀಲ ಹಿಡಿದು ನಿಂತಿದ್ದ ಡ್ರೈವರಿಗೆ ಆ ಮಾತು ಕೇಳಿಸಿತ್ತು. ಚೀಲವನ್ನು ನನ್ನ ಕೈಗೆ ಕೊಟ್ಟು, ಒಳಗೆ ಬರದೆ, ಹೊರಟುಹೋದ.

ನರ್ಸಮ್ಮ ಕೆಲಸಕ್ಕೆ ಮರಳುವ ಹೊತ್ತಿಗೆ ಆಯುಧಪೂಜೆ ಬಂತು. ಮಿಲ್ಲಿನ ಅಂಗಳದಲ್ಲಿ ಡ್ರೈವರು ವ್ಯಾನ್ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದ್ದ. ಹೊಸ ಬಿಳಿ ಅಂಗಿ ತೊಟ್ಟು ತಟ್ಟೆ ಹಿಡಿದು ಬಾನೆಟ್ಟಿಗೆ ವಿಭೂತಿ ಬಳಿದ, ಕುಂಕುಮ ಇಟ್ಟ. ಸ್ಟಿಯರಿಂಗಿಗೆ, ಸ್ಟೆಪ್ನಿಗೆ, ಜಾಕಿಗೆ, ಸ್ಪ್ಯಾನರಿಗೆ. ನಮ್ಮ ಬಿ.ಪಿ. ಯಂತ್ರಕ್ಕೂ, ತೂಕದ ಯಂತ್ರಕ್ಕೂ. ಎಲ್ಲ ಮುಗಿಯಿತು ಎಂದುಕೊಂಡೆ. ಅವನು ತಟ್ಟೆ ಹಿಡಿದುಕೊಂಡೇ ಒಂದು ಗಳಿಗೆ ನಿಂತ. ಆಮೇಲೆ ಅದನ್ನು ನೆಲದ ಮೇಲೆ ಮುಂದಕ್ಕೆ ತಳ್ಳುತ್ತ, ಆ ಹೊಸ ಅಂಗಿಯಲ್ಲೇ ಅಂಗಾತ ಮಲಗಿ, ವ್ಯಾನಿನ ಅಡಿಗೆ ತೂರಿದ. ಬಗ್ಗಿ ನೋಡಿದೆ. ವಾಲ್ವಿನ ಹಿಡಿಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಈ ಸಲ ಕೈಗೆ ಟವೆಲ್ ಸುತ್ತಿರಲಿಲ್ಲ.

ಬೆನ್ನ ತುಂಬ ಮಣ್ಣು ಮೆತ್ತಿಕೊಂಡು ಹೊರಬಂದವನು ನರ್ಸಮ್ಮನ ಮುಖ ನೋಡದೆ, "ಇನ್ಮೇಲೆ ಸಾಯಂಕಾಲ ನಾನೇ ಖಾಲಿ ಮಾಡ್ತೀನಿ, ನರ್ಸಮ್ಮ" ಎಂದ.

ಆಕೆ ಸೊಂಟದ ಮೇಲೆ ಕೈಯಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಲ್ಲಿಗೂ ಒಂದು ನಿಂಬೆಹಣ್ಣು ಕಟ್ಟೋ ಡ್ರೈವರಪ್ಪ. ದೃಷ್ಟಿ ಆದೀತು" ಎಂದಳು. ಮಿಲ್ಲಿನವರೆಲ್ಲ ನಕ್ಕರು. ಆಕೆ ಮಾತ್ರ ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಆ ಹಡಗು ಇನ್ನೂ ಹಲವು ವರ್ಷ ಓಡಿತು. ಆ ವರ್ಷಗಳಲ್ಲಿ ಬಸುರಿಯೊಬ್ಬಳಿಗೂ 'ಮುಂದಿನ ವಾರ ಬಾ' ಎಂದು ನಾವು ಹೇಳಲಿಲ್ಲ. ಆಮೇಲೆ ಅಲ್ಲಲ್ಲಿ ಆಸ್ಪತ್ರೆಗಳಾದವು, ಮನೆಗಳಲ್ಲಿ ಪಾಯಿಖಾನೆಗಳೂ ಬಂದವು, ವ್ಯಾನ್ ಗುಜರಿಗೆ ಹೋಯಿತು. ಗುಜರಿಯವನು ಡ್ರಮ್ಮನ್ನು ಮಾತ್ರ ಮುಟ್ಟಲಿಲ್ಲ, ಅದು ಭಾಯಿಯ ಗ್ಯಾರೇಜಿನ ಹಿಂದೆ ಬಹಳ ಕಾಲ ಬಿದ್ದಿತ್ತು, ಗುಲಾಬಿ ಕೈಗುರುತಿನ ಸಮೇತ. ನರ್ಸಮ್ಮ ಮೊಳಕಾಲ್ಮೂರಿಗೆ ಮರಳಿದಳು. ಆಕೆ ತೀರಿಕೊಂಡ ಸುದ್ದಿಯನ್ನು ಕೆಲವು ವರ್ಷಗಳ ಹಿಂದೆ ಫೋನಿನಲ್ಲಿ ತಿಳಿಸಿದವನು ಅದೇ ಡ್ರೈವರು. ಕಿಡ್ನಿಯೇ ಕಡೆಗೆ ಆಕೆಯ ಜೀವ ತೆಗೆದದ್ದು. ಹೋದ ತಿಂಗಳು ಪ್ಲಂಬರ್ ತಾರಸಿಯಿಂದ ಇಳಿದು ಬಂದು, "ಟ್ಯಾಂಕ್ ಅರ್ಧ ಐತಮ್ಮ, ನಾಳೆವರೆಗೆ ಆಗುತ್ತೆ" ಎಂದಾಗ ನಾನು ದುಡ್ಡು ಕೊಟ್ಟು ಕಳಿಸಿದೆ. ಅರ್ಧ ಐತೆ ಎನ್ನುವುದಕ್ಕೂ ಎರಡೂರಿಗೆ ಜಾಗ ಐತೆ ಎನ್ನುವುದಕ್ಕೂ ಎಷ್ಟು ಅಂತರ ಎಂದು ಯಾರಿಗೆ ಹೇಳಲಿ?

ಆಕೆಯನ್ನು ನಾನು ಕೊನೆಯ ಸಲ ನೋಡಿದ್ದು ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಯಾರದೋ ಮದುವೆಗೆ ಬಂದು ಊರಿಗೆ ಹೊರಟಿದ್ದಳು. ನನ್ನ ಕೈ ಹಿಡಿದುಕೊಂಡೇ ಅಂಗಡಿಯಿಂದ ಒಂದು ನೀರಿನ ಬಾಟಲಿ ಕೊಂಡು, ಮುಚ್ಚಳ ತಿರುಚಿ, ನಿಂತಲ್ಲೇ ಗಟಗಟನೆ ಕೊನೆಯ ಹನಿಯವರೆಗೆ ಕುಡಿದಳು. ಆಕೆ ಹಾಗೆ ನೀರು ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. "ದಾರಿ ಉದ್ದ ಇದೆಯಲ್ಲ ನರ್ಸಮ್ಮ, ನಡುವೆ ಬೇಕೆನಿಸಿದರೆ?" ಎಂದೆ.

"ಬಸ್ ನಿಲ್ಲಿಸ್ತೀನಿ 'ಉಚ್ಚೆಗೆ' ಅಂತ ಕೂಗಿ. ಹೆಂಗೆ ನಿಲ್ಲಿಸಲ್ವೋ ನಾನೂ ನೋಡ್ತೀನಿ!"

ಬಸ್ಸು ಬಂತು. ಬಾಗಿಲವರೆಗೂ ಜನ. ಕಂಡಕ್ಟರ್ ಕಂಬಿಗೆ ಜೋತುಬಿದ್ದು, "ಜಾಗ ಇಲ್ಲಮ್ಮ, ಹಿಂದಿನ ಬಸ್ಸಿಗೆ ಬಾ" ಎಂದು ಕೂಗಿದ. ನರ್ಸಮ್ಮ ಬಸ್ಸಿನ ತಗಡಿಗೆ ನಡುಬೆರಳಿನ ಗೆಣ್ಣಿನಿಂದ ಮೇಲಿನಿಂದ ಕೆಳಕ್ಕೆ ಬಡಿದಳು. ಟಪ್, ಟಪ್, ಟಪ್. ಕಿವಿಯನ್ನು ಕೊಂಚ ವಾಲಿಸಿದಳು. ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು.

"ಇನ್ನೂ ಎರಡೂರಿಗೆ ಜಾಗ ಐತೆ. ಸರಿಯಪ್ಪಾ ಅತ್ಲಾಗೆ" ಎಂದು ಅವನ ತೋಳನ್ನು ತಳ್ಳಿಕೊಂಡು ಹತ್ತಿಯೇಬಿಟ್ಟಳು. ಆ ಜನರ ನಡುವೆ ಆಕೆಯ ಬಿಳಿ ತಲೆ ಒಂದು ಗಳಿಗೆ ಕಂಡಿತು. ಆಮೇಲೆ ಕಾಣಲಿಲ್ಲ.